ಮುನಿಕೆಂಪಮ್ಮನ ಬೋಣಿ

ಅಲ್ಲಾಳಸಂದ್ರದ ಮೋಟಾರ್ ಮೆಕ್ಯಾನಿಕ್ ಬಾಲರಾಜನಿಗೆ ಆ ಶನಿವಾರ ಒದಗಿದ ಕಷ್ಟಕ್ಕೆಲ್ಲ ಮೂಲ ಹೂವಿನ ಮುನಿಕೆಂಪಮ್ಮನ ಬಲಗೈ ತೋರುಬೆರಳು. ಅವಳ ಕೈಗೆ ಒಳ್ಳೆಯ ಗುಣವಿದೆ ಎಂದು ಇಡೀ ಬೀದಿ ನಂಬಿತ್ತು. ಬೆಳಿಗ್ಗೆ ಅವಳು ಬಂದು ಎರಡು ರಸ್ಕ್ ಕೊಳ್ಳುವ ತನಕ ಬೇಕರಿಯವನು ಬೇರೆ ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಹೊಸ ಆಟೋ ತಂದವರು ಮೊದಲು ಅವಳನ್ನು ಕೂರಿಸಿಕೊಂಡು ಕೆರೆ ಏರಿಯ ತನಕ ಒಂದು ಸುತ್ತು ಹೊಡೆಸಿಕೊಂಡು ಬರುತ್ತಿದ್ದರು. ಅವಳು ಬೋಣಿ ಮಾಡಿದ ದಿನ ವ್ಯಾಪಾರ ಆಗದೆ ಇದ್ದದ್ದೇ ಇಲ್ಲ ಎಂದು ಜನ ಹೇಳುತ್ತಿದ್ದರು. ಆಗದೆ ಇದ್ದ ದಿನಗಳನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ, ಅಷ್ಟೇ.

ಬಾಲರಾಜ ಇಪ್ಪತ್ತೆರಡು ವರ್ಷಗಳಿಂದ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಂಡು ಬಂದವನು. ಮುಂಚೆ ಯಾರ ಮನೆಯ ಮೋಟಾರ್ ಸುಟ್ಟರೂ ಆ ಮನೆಯವನು ಲುಂಗಿ ಎತ್ತಿ ಕಟ್ಟಿಕೊಂಡು ಬೀದಿಗೆ ಬಂದು, "ಯಾರ್ರೀ ಇಲ್ಲಿ ಮೋಟಾರ್ ರಿಪೇರಿ ಮಾಡೋರು?" ಅಂತ ಕೇಳುತ್ತಿದ್ದ. ನಾಲ್ಕು ಜನ ನಾಲ್ಕು ಕಡೆಯಿಂದ ಬಾಲರಾಜನ ಅಂಗಡಿ ತೋರಿಸುತ್ತಿದ್ದರು. ಈಗ ಯಾರೂ ಬೀದಿಗೆ ಬರುವುದಿಲ್ಲ. ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ನೀರು ನಿಂತರೆ, ಬಚ್ಚಲುಮನೆಯಿಂದಲೇ ಕೈ ಚಾಚಿ ಫೋನನ್ನು ಕೇಳುತ್ತಾರೆ. ಫೋನು ಒಂದು ಪಟ್ಟಿ ತೋರಿಸುತ್ತದೆ. ಕಣ್ಣಿಗೆ ಸೋಪು ಹೋಗಿರುವುದರಿಂದ ಮೊದಲನೇ ಹೆಸರನ್ನೇ ಒತ್ತುತ್ತಾರೆ.

ಎರಡು ವರ್ಷಗಳಿಂದ ಆ ಮೊದಲನೇ ಹೆಸರು 'ಝಟ್‌ಪಟ್ ಪಂಪ್ ಕೇರ್'. ಅವರ ಅಂಗಡಿ ಎಲ್ಲಿದೆ ಅಂತ ಯಾರೂ ಕಂಡವರಿಲ್ಲ. ಹೆಬ್ಬಾಳದ ಆಚೆ ಎಲ್ಲಿಂದಲೋ ಬೈಕಿನಲ್ಲಿ ಹುಡುಗರು ಬರುತ್ತಿದ್ದರು, ಬಾಲರಾಜನ ಅಂಗಡಿ ಮುಂದೆಯೇ ನಿಲ್ಲಿಸಿ ಗಿರಾಕಿಯ ಮನೆಗೆ ದಾರಿ ಕೇಳುತ್ತಿದ್ದರು. ಬಾಲರಾಜ ದಾರಿಯನ್ನೂ ಹೇಳುತ್ತಿದ್ದ.

ಅಂಗಡಿಯಲ್ಲಿ ನೊಣ ಹೊಡೆಯುವ ಗಂಡನನ್ನು ನೋಡಿ ಹೆಂಡತಿ ಶಶಿರೇಖಾಳ ತಾಳ್ಮೆ ಮುಗಿದಿತ್ತು. ಅವಳ ಅಣ್ಣ ನಂದಕುಮಾರ್ ಯಲಹಂಕದಲ್ಲಿ ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದ. ಟ್ಯಾಂಕರ್ ಹಿಂದೆ ಹೋಗಿ ಪೈಪು ಹಿಡಿಯಲು ನಂಬಿಕಸ್ಥ ಮನುಷ್ಯ ಬೇಕಾಗಿತ್ತು. ಬಾಲರಾಜನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಮೋಟಾರ್ ಸರಿ ಮಾಡಿ ಮನೆಮನೆಗೆ ನೀರು ಏರಿಸಿದವನು, ಮೋಟಾರ್ ಕೆಟ್ಟರೆ ಮಾತ್ರ ಬದುಕುವ ಟ್ಯಾಂಕರಿನ ಬಾಲ ಹಿಡಿಯಬೇಕೇ?

ಬಿ.ಕಾಂ. ಓದುವ ಮಗಳು ಶಿಲ್ಪ ಮಧ್ಯೆ ಬಂದು ಅಪ್ಪನ ಹೆಸರನ್ನೂ ದುಡ್ಡು ಕಟ್ಟಿ ಫೋನಿನ ಪಟ್ಟಿಯ ಮೇಲ್ತುದಿಗೆ ಹಾಕಿಸಿ ನೋಡೋಣ ಎಂದಳು. ಶಶಿರೇಖಾ ಒಂದೇ ಒಂದು ದಿನ ಕೊಟ್ಟಳು. "ಶನಿವಾರ ದೀಪ ಹಚ್ಚೋ ಹೊತ್ತಿಗೆ ಆ ಫೋನಿಂದ ಒಬ್ಬ ಹೊಸ ಗಿರಾಕಿ ಬರ್ಲಿ, ಅಂಗಡಿ ಇರ್ಲಿ. ಬರ್ಲಿಲ್ವಾ, ಸೋಮವಾರ ಬೆಳಿಗ್ಗೆ ನಮ್ಮಣ್ಣನ ಹತ್ರ ಹೋಗ್ಬೇಕು. ಈಗ್ಲೇ ಹೇಳಿದೀನಿ." ಅವಳ ದನಿ ಇಡೀ ಬೀದಿಗೆ ಕೇಳಿಸಿತು.

ಶುಕ್ರವಾರ ಸಂಜೆ ಶಿಲ್ಪ ತನ್ನ ಟ್ಯೂಷನ್ ದುಡ್ಡಿನಲ್ಲಿ ಎಲ್ಲ ಸಿದ್ಧ ಮಾಡಿ, ಅಪ್ಪನನ್ನು ಕೂರಿಸಿ ಬಿಡಿಸಿ ಹೇಳಿದಳು. "ಅಪ್ಪಾ, ಸರಿಯಾಗಿ ಕೇಳಿಸ್ಕೋ. ನಿನ್ನ ಹೆಸರನ್ನ ಜನ ನೋಡಿದ್ರೆ ಏನೂ ಖರ್ಚಿಲ್ಲ. ಒತ್ತಿದ್ರೆ ಒಂದು ಸಲಕ್ಕೆ ಮೂವತ್ತು ರೂಪಾಯಿ ಹೋಗುತ್ತೆ. ದಿನಕ್ಕೆ ಆರುನೂರು ಇಟ್ಟಿದೀನಿ. ಇಪ್ಪತ್ತು ಜನ ಒತ್ತಿದ ಮೇಲೆ ನಿನ್ನ ಹೆಸರು ಮಾಯ. ಮತ್ತೆ ಮಾರನೇ ದಿನಾನೇ ಬರೋದು."

"ಝಟ್‌ಪಟ್‌ಗಿಂತ ಮೇಲೆ ಬರುತ್ತಾ?" ಎಂದು ಬಾಲರಾಜ ಕೇಳಿದ.

"ಬರುತ್ತೆ."

ಆಮೇಲೆ ಅವಳು ಹೇಳಿದ್ದು ಯಾವುದೂ ಅವನ ಕಿವಿಗೆ ಹೋಗಲಿಲ್ಲ. ಮುಂಚೆ ಹೇಳಿದ್ದು ಹೋಗಿದ್ದರೂ ಆ ಖುಷಿಯಲ್ಲಿ ಹೊರಗೆ ಬಂದುಬಿಟ್ಟಿತು.

ಶನಿವಾರ ಬೆಳಿಗ್ಗೆ ಏಳೂವರೆಗೆ, ಶಿಲ್ಪ ಕಾಲೇಜಿಗೆ ಬಸ್ಸು ಹತ್ತಿದ ಮೇಲೆ, ಬಾಲರಾಜ ಅಂಗಡಿ ಮುಂದೆ ನೀರು ಚಿಮುಕಿಸಿ, ಎದುರಿಗೆ ಹೂವಿನ ಬುಟ್ಟಿ ಇಳಿಸುತ್ತಿದ್ದ ಮುನಿಕೆಂಪಮ್ಮನನ್ನು ಕರೆದ.

"ಅಜ್ಜಿ, ಇವತ್ತು ನನ್ನ ಬಾಳು ಏಳೋ ದಿನ. ನಿನ್ನ ಕೈಯಿಂದಾನೇ ಬೋಣಿ ಆಗ್ಬೇಕು."

"ನಂಗ್ಯಾಕಪ್ಪ ಮೋಟ್ರು? ನಮ್ ಮನೇಲಿರೋದು ನಲ್ಲಿ."

"ಮೋಟಾರ್ ಬೇಡ. ನಿನ್ನ ಫೋನಲ್ಲಿ ನನ್ನ ಹೆಸರು ಹುಡುಕಿ ಒತ್ತು, ಸಾಕು."

ಮುನಿಕೆಂಪಮ್ಮನ ಬಳಿ ಮೊಮ್ಮಗ ಕೊಡಿಸಿದ ಒಳ್ಳೆಯ ಫೋನೇ ಇತ್ತು. ಬಾಲರಾಜ ಹುಡುಕಿ ಕೊಟ್ಟ. ತನ್ನ ಹೆಸರು ಝಟ್‌ಪಟ್‌ನ ತಲೆಯ ಮೇಲೆ ಕೂತಿರುವುದನ್ನು ಕಂಡು ಅವನ ಕಣ್ಣು ತುಂಬಿತು. ಮುನಿಕೆಂಪಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕಣ್ಣಿಗೊತ್ತಿಕೊಂಡು, ಆ ಹೆಸರಿನ ಪಕ್ಕದ ಫೋನಿನ ಗುರುತನ್ನು ಒತ್ತಿದಳು. ಬಾಲರಾಜನ ಜೇಬಿನಲ್ಲಿ ಗಂಟೆ ಬಾರಿಸಿತು.

"ಒಡೀತು ನೋಡು ಗಂಟೆ! ಸುಭವಾಗ್ಲಿ ಓಗು," ಎಂದು ಅವಳು ಹರಸಿದಳು.

ಮೇಲಿನ ಬಾಲ್ಕನಿಯಿಂದ ಕಟ್ಟಡದ ಯಜಮಾನ ಆನಂದಪ್ಪ ಇದನ್ನೆಲ್ಲ ನೋಡುತ್ತಿದ್ದ. ಜಾಲಹಳ್ಳಿಯ ದೊಡ್ಡ ಕಾರ್ಖಾನೆಯಲ್ಲಿ ಯೂನಿಯನ್ ಮುಖಂಡನಾಗಿದ್ದು ನಿವೃತ್ತನಾದವನು. ಬೀದಿಯಲ್ಲಿ ತನ್ನನ್ನು ಬಿಟ್ಟು ಏನಾದರೂ ನಡೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಎರಡೇ ನಿಮಿಷಕ್ಕೆ ಬಾಲರಾಜನ ಫೋನು ಮತ್ತೆ ಬಡಿದುಕೊಂಡಿತು.

"ಬಾಲರಾಜ್ ಮೋಟಾರ್ ವರ್ಕ್ಸ್, ಹೇಳಿ ಸಾರ್!"

"ನಾನು ಕಣಯ್ಯ, ಆನಂದಪ್ಪ." ಮಾತು ಫೋನಿನಿಂದ ಒಂದು ಸಲ, ಬಾಲ್ಕನಿಯಿಂದ ಇನ್ನೊಂದು ಸಲ ಕೇಳಿಸಿತು. "ಸುಮ್ನೆ ಒತ್ತಿ ನೋಡ್ದೆ. ಚೆನ್ನಾಗಿ ಬಡ್ಕೊಳ್ತಿದೆ."

ಸುದ್ದಿ ಬೇಕರಿಗೆ ಹೋಯಿತು, ಅಲ್ಲಿಂದ ಆಟೋ ಸ್ಟ್ಯಾಂಡಿಗೆ, ಅಲ್ಲಿಂದ ಹಿಟ್ಟಿನ ಗಿರಣಿಯ ಸಾಲಿಗೆ. ಬಾಲರಾಜನ ಹೆಸರು ಫೋನಿನಲ್ಲಿ ಬರುತ್ತಿದೆಯಂತೆ, ಮುನಿಕೆಂಪಮ್ಮ ಬೋಣಿ ಮಾಡಿದ್ದಾಳಂತೆ, ನಾವು ಒತ್ತದಿದ್ದರೆ ಏನು ತಿಳಿದುಕೊಳ್ಳುತ್ತಾನೋ ಏನೋ ಎಂದು ಒಬ್ಬೊಬ್ಬರೂ ಒತ್ತಿದರು. ಮದುವೆ ಮನೆಯಲ್ಲಿ ಮುಯ್ಯಿ ಮಾಡುವವರ ಹಾಗೆ, ಒತ್ತಿದವರು ತಾವು ಒತ್ತಿದ್ದನ್ನು ಬಾಲರಾಜನಿಗೆ ಬಂದು ಹೇಳಿಯೂ ಹೋದರು. ಪ್ರತಿ ಕರೆಗೂ ಅವನು ಎದ್ದು ನಿಂತು, "ಹೇಳಿ ಸಾರ್!" ಎಂದ. ಅತ್ತಲಿಂದ, "ನಾನೇ ಮಗಾ, ಆಟೋ ಸ್ಟ್ಯಾಂಡಿಂದ. ನಡೀಲಿ ನಡೀಲಿ," ಎಂಬ ಉತ್ತರ ಬಂತು. ಒಂಬತ್ತರ ಹೊತ್ತಿಗೆ ಅವನು ಇಪ್ಪತ್ತು ಸಲ ಎದ್ದು ಇಪ್ಪತ್ತು ಸಲ ಕೂತಿದ್ದ. ಗಿರಾಕಿ ಒಬ್ಬನೂ ಇರಲಿಲ್ಲ. ಆದರೂ ಇಷ್ಟು ಜನರ ಪ್ರೀತಿ ಕಂಡು ಅವನ ಎದೆ ಉಬ್ಬಿತ್ತು.

ಇಪ್ಪತ್ತೊಂದನೆಯವನು ಬೇಕರಿಯವನ ಷಡ್ಡಕ. ಅವನು ಫೋನು ಹಿಡಿದುಕೊಂಡೇ ಬಂದ. "ಎಲ್ಲಿ ಗುರು ನಿನ್ನ ಹೆಸ್ರು? ಮೇಲೆ ಝಟ್‌ಪಟ್ ಅಂತ ಬರ್ತಿದೆ."

ಬಾಲರಾಜ ನೋಡಿದ. ನಿಜವಾಗಿಯೂ ಇರಲಿಲ್ಲ. ಗಾಬರಿಯಿಂದ ಮಗಳಿಗೆ ಫೋನ್ ಮಾಡಿದ. ಅವಳು ಕ್ಲಾಸಿನೊಳಗಿಂದಲೇ ಪಿಸುಗುಟ್ಟಿದಳು. "ಅಷ್ಟು ಬೇಗ ಇಪ್ಪತ್ತು ಗಿರಾಕಿ ಬಂದ್ರಾ ಅಪ್ಪಾ?"

"ಗಿರಾಕಿ ಅಲ್ಲಮ್ಮ, ನಮ್ಮೋರೇ. ಬೋಣಿಗೆ ಅಂತ ಒಬ್ಬೊಬ್ರು ಒಂದೊಂದು ಸಲ ಒತ್ತಿದ್ರು."

"ಅಪ್ಪಾ, ನಿನ್ನೆ ನಾನು ಗೋಡೆಗೆ ಹೇಳಿದ್ನಾ?" ಎಂದಷ್ಟೇ ಹೇಳಿ ಇಟ್ಟಳು.

ವಿಷಯ ತಿಳಿದ ಮೇಲೆ ಬೀದಿಯವರಿಗೆ ಬೇಸರವಾಯಿತು. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಬೇಕರಿಯವನು ಬಾಲರಾಜನಿಗೆ ಒಂದು ಬನ್ನು ತಂದುಕೊಟ್ಟ. ಆನಂದಪ್ಪ ಮಾತ್ರ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತು, ಹಳೆಯ ಯೂನಿಯನ್ ದಿನಗಳ ಹಾಗೆ ಯೋಚನೆ ಮಾಡಿದ.

"ಅಲ್ಲಯ್ಯ, ಒತ್ತಿದ್ರೆ ನಿನಗೆ ಕಾಸು ಹೋಗುತ್ತೆ. ಹಂಗಾದ್ರೆ ಝಟ್‌ಪಟ್‌ನೋರ ಹೆಸ್ರು ಒತ್ತಿದ್ರೆ?"

"ಅವರದ್ದೂ ಹೋಗುತ್ತೆ."

"ಒತ್ತಿ ಒತ್ತಿ ಖಾಲಿ ಆದ್ರೆ?"

ಬಾಲರಾಜನ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು. "ತಪ್ಪಲ್ವಾ ಸಾರ್?"

"ಅವರು ಬೋರ್ಡ್ ತಗುಲಿಹಾಕಿದಾರೆ, ನಾವು ಬಾಗಿಲು ತಟ್ತಿದೀವಿ. ಬಾಗಿಲು ತಟ್ಟೋದು ಯಾವ ಕಾನೂನಲ್ಲಿ ತಪ್ಪು?"

ಬಾಲರಾಜ ಮೂಲತಃ ಸಭ್ಯ. ಸಭ್ಯತೆ ಅವನನ್ನು ಸುಮಾರು ಮುಕ್ಕಾಲು ನಿಮಿಷ ತಡೆದು ಹಿಡಿಯಿತು. ಆಮೇಲೆ ಟ್ಯಾಂಕರಿನ ಪೈಪು ಕಣ್ಣ ಮುಂದೆ ಬಂದು, ಅವನು ಎದ್ದು ಬೀದಿಗಿಳಿದ. ಝಟ್‌ಪಟ್ ಪಟ್ಟಿಯಿಂದ ಇಳಿದರೆ ಕೆಳಗೆ ಪುಕ್ಕಟೆ ಹೆಸರುಗಳ ಸಾಲಿನಲ್ಲಿ ತಾನು ಹೇಗೂ ಇದ್ದೇನೆ, ಜನರ ಕಣ್ಣಿಗೆ ಬಿದ್ದೇ ಬೀಳುತ್ತೇನೆ ಎಂಬುದು ಅವನ ಅಂದಾಜು. ಬೇಕರಿ, ಗಿರಣಿ, ಆಟೋ ಸ್ಟ್ಯಾಂಡು, ಕೆರೆ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕೂತವರು, ಎಲ್ಲರಿಗೂ ಕೈಮುಗಿದು ಅವನೇ ಕೇಳಿಕೊಂಡ. ಬೆಳಗಿನ ತಪ್ಪನ್ನು ತೀರಿಸಿಕೊಳ್ಳಲು ಜನ ಕಾದಿದ್ದರು. ಎಲ್ಲರೂ ಒತ್ತಿದರು. ಮನೆಗೆ ಹೋಗಿ ಸೊಸೆಯಂದಿರ ಫೋನಿನಿಂದಲೂ ಒತ್ತಿಸಿದರು. ಗಿರಣಿಯ ಸಾಲಿನಲ್ಲಿ ನಿಂತಿದ್ದ ಫಖ್ರುನ್ನೀಸಾ ಎಂಬಾಕೆ ಮನೆಯಲ್ಲಿದ್ದ ಆರು ಫೋನುಗಳನ್ನೂ ಒಂದು ಚೀಲದಲ್ಲಿ ತಂದು, ರಾಗಿ ಬೀಸುವಷ್ಟರಲ್ಲಿ ಒಂದೊಂದಾಗಿ ಒತ್ತಿ ಮುಗಿಸಿದಳು.

ಝಟ್‌ಪಟ್‌ನ ಹೆಸರು ಅಲ್ಲಾಡಲಿಲ್ಲ. ಅವರು ಎಷ್ಟು ದುಡ್ಡು ಸುರಿದಿದ್ದರೋ ಏನೋ.

"ಇದಕ್ಕೆ ಅಜ್ಜಿ ಕೈಯೇ ಬೇಕು," ಎಂದು ಆನಂದಪ್ಪ ತೀರ್ಪು ಕೊಟ್ಟ.

ಮುನಿಕೆಂಪಮ್ಮ ಮತ್ತೆ ಬೆರಳು ಒರೆಸಿಕೊಂಡು ಒತ್ತಿದಳು. ಅವಳಿಗೆ ಅಭ್ಯಾಸವಾಗಿದ್ದದ್ದು ಫೋನಿನ ಗುರುತು. ಆ ಕಡೆಯಿಂದ ಒಬ್ಬ ಹುಡುಗಿ ಜೇನಿನಂಥ ದನಿಯಲ್ಲಿ ಮಾತಾಡಿದಳು.

"ನಮಸ್ಕಾರ, ಝಟ್‌ಪಟ್ ಪಂಪ್ ಕೇರ್. ನಿಮ್ಮ ಮೋಟಾರಿಗೆ ಏನಾಗಿದೆ ಮೇಡಂ?"

"ಮೋಟ್ರು ಇಲ್ಲ ತಾಯಿ. ನಿಮ್ಮ ಎಸ್ರು ಕಾಣ್ತು, ಒತ್ತಿದೆ. ಊಟ ಆಯ್ತಾ?"

ಇಷ್ಟು ಜನ ಫೋನ್ ಮಾಡಿ ಏನೂ ಹೇಳದೆ ಇಡುತ್ತಿದ್ದ ದಿನ, ಊಟ ಕೇಳಿದವಳು ಇವಳೊಬ್ಬಳೇ. ಹುಡುಗಿ ಕರಗಿದಳು. ನಿಮ್ಮ ಏರಿಯಾದಿಂದ ಇವತ್ತು ಯಾಕಿಷ್ಟು ಫೋನು, ಅಲ್ಲಿ ಮೋಟಾರ್ ರಿಪೇರಿಯವರು ಯಾರೂ ಇಲ್ಲವೇ ಎಂದು ಕೇಳಿದಳು.

"ಇರೋನೊಬ್ನೇ ನಮ್ ಬಾಲು. ಚಿನ್ನದಂಥ ಕೆಲ್ಸ. ಆದ್ರೇನು, ಸೋಮವಾರದಿಂದ ಅವ್ನೂ ಇರಾಕಿಲ್ಲವಂತೆ. ಬಾಮೈದನ ಟ್ಯಾಂಕರ್ ಕಡೆ ಓಯ್ತಾನೆ. ಅಂಗಡಿ ಖಾಲಿ ಬೀಳ್ತದೆ." ಆಮೇಲೆ ಹುಡುಗಿಯ ಮದುವೆಯ ವಿಷಯ ವಿಚಾರಿಸಿ, ಒಂಬತ್ತು ನಿಮಿಷ ಮಾತಾಡಿ ಇಟ್ಟಳು.

ಬೀದಿ ಬದಿಯಿಂದ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ ಬಾಲರಾಜನಿಗೆ ಮಾತು ಕೇಳಿಸಿರಲಿಲ್ಲ. ಶತ್ರುವಿನ ಒಂಬತ್ತು ನಿಮಿಷ ಹಾಳಾಯಿತೆಂದು ಅವನು ಸಂತೋಷಪಟ್ಟ.

ಮೂರು ಗಂಟೆಗೆ ಕೆರೆ ಪಕ್ಕದ ನಲವತ್ತೆಂಟು ಮನೆಗಳ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕಾಶಿನಾಥ ಬೇಕರಿಗೆ ಬಂದವನು ಬಾಲರಾಜನ ಬೋರ್ಡು ನೋಡಿ ನಿಂತ. ವಿಜಯಪುರದ ಕಡೆಯ ಮನುಷ್ಯ, ಕಾಲೇಜಿನಲ್ಲಿ ಲೆಕ್ಕ ಕಲಿಸುವವನು.

"ಏನ್ರೀ, ಬಾಲರಾಜ ಅಂದ್ರ ನೀವೇನು? ನಿನ್ನಿ ರಾತ್ರಿ ಫೋನಿನ್ಯಾಗ ನಿಮ್ಮ ಹೆಸರ ಮ್ಯಾಲೇ ಇತ್ತಲ್ರೀ. ಇಲ್ಲೇ ಹತ್ರದಾಗ ಅದಾರ, ಬೇಕಾದಾಗ ಕರದ್ರ ಆತು ಅಂತ ನಮ್ಮ ಮನಿಯಾಕಿಗೂ ಹೇಳಿದ್ದೆ."

"ಹೇಳಿ ಸಾರ್, ಏನಾಗ್ಬೇಕಿತ್ತು?" ಬಾಲರಾಜ ಇಪ್ಪತ್ತೊಂದನೇ ಸಲ ಎದ್ದು ನಿಂತ.

"ಆಗೋದು ಆಗಿ ಹೋತ್ರಿ. ಮುಂಜಾನೆ ಹತ್ತಕ್ಕ ಮೋಟಾರ್ ಸುಟ್ಟಿತು. ನಿಮ್ಮ ಹೆಸರ ಹುಡುಕೇ ಹುಡುಕಿದೆ, ಸಿಗಲಿಲ್ಲ. ಝಟ್‌ಪಟ್‌ನವರಿಗೆ ರೊಕ್ಕ ಕಟ್ಟಿದೆ. ಅವರು, ಅಲ್ಲಾಳಸಂದ್ರದಾಗ ಇವತ್ತು ಭಾಳ ಬೇಡಿಕಿ ಐತಿ, ಲೈನ್ ತುಂಬಿ ಹೋಗೈತಿ, ಸಂಜಿ ಮುಂದ ಮಂದಿ ಕಳಸ್ತೀವಿ ಅಂದ್ರು. ನಲವತ್ತೆಂಟು ಮನಿ ನೀರಿಲ್ದ ಒದ್ದಾಡಾಕತ್ತಿದ್ವು. ನಂದಕುಮಾರ್ ಅನ್ನಾವ್ರ ಟ್ಯಾಂಕರ್ ತರಿಸಿ ಪಾರಾದೆ ನೋಡ್ರಿ."

ಅವನು ಬ್ರೆಡ್ಡು ತೆಗೆದುಕೊಂಡು ಹೋದ. ಅದೇ ಹೊತ್ತಿಗೆ ಬಾಮೈದನ ಟ್ಯಾಂಕರು ದಾರಿಯುದ್ದಕ್ಕೂ ನೀರು ಚೆಲ್ಲುತ್ತ ಅಂಗಡಿ ಮುಂದೆ ಹಾದುಹೋಯಿತು, ಡ್ರೈವರು ಯಜಮಾನನ ಭಾವನವರೆಂದು ಗೌರವದಿಂದ ಹಾರನ್ನೂ ಮಾಡಿದ.

ಬಾಲರಾಜ ಜೋರಾಗಿ ಮಾತಾಡುವ ಆಸಾಮಿಯಲ್ಲ. ಅವತ್ತು ಮಾತಾಡಿದ. ಬೇಕರಿ ಮುಂದೆ ಎಲ್ಲರನ್ನೂ ಸೇರಿಸಿ, ನೀವು ಒತ್ತಿದ್ದೂ ನನ್ನನ್ನೇ ಕೊಂದಿತು, ಅವರನ್ನು ಒತ್ತಿದ್ದೂ ನನ್ನನ್ನೇ ಕೊಂದಿತು ಎಂದು ಕೂಗಿದ. ಮುನಿಕೆಂಪಮ್ಮನ ಬುಟ್ಟಿಯಿಂದ ಒಂದು ಹಿಡಿ ಸೇವಂತಿಗೆ ತೆಗೆದು ಅವಳ ಕೈಗೇ ಕೊಟ್ಟ.

"ಅಜ್ಜಿ, ನೀನು ಮೊದಲು ಆಣೆ ಮಾಡು. ಇನ್ಮೇಲೆ ಯಾವ ಮೋಟಾರಿನೋರ ಹೆಸ್ರನ್ನೂ ಒತ್ತಲ್ಲ ಅಂತ. ನೀನು ಮಾಡಿದ್ರೆ ಎಲ್ರೂ ಮಾಡ್ತಾರೆ."

"ಅಣ್ಣಮ್ಮ ತಾಯಾಣೆ," ಎಂದು ಅವಳು ಹೂವು ಹಿಡಿದು ಹೇಳಿದಳು. ಹಿಂದೆಯೇ ಬೇಕರಿ, ಗಿರಣಿ, ಆಟೋ ಸ್ಟ್ಯಾಂಡು ಎಲ್ಲವೂ ಹೂವು ಮುಟ್ಟಿದವು. ಆನಂದಪ್ಪ ತಾನು ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿ, ಎರಡು ಸಲ ಮುಟ್ಟಿದ.

ಐದೂವರೆಗೆ ಒಂದು ಬಿಳಿ ಕಾರು ಬಂದು ಅಂಗಡಿ ಮುಂದೆ ನಿಂತಿತು. ಇಳಿದವಳು ನಂದಿತಾ ಎಂಬ ಚುರುಕು ಹೆಂಗಸು, ಕೈಯಲ್ಲಿ ಊಟದ ತಟ್ಟೆಯಷ್ಟಗಲದ ಫೋನು. ಬಾಲರಾಜ ಆಸೆಯಿಂದ ಎದ್ದ.

"ನಾನು ಝಟ್‌ಪಟ್‌ನ ಏರಿಯಾ ಮ್ಯಾನೇಜರ್," ಎಂದಳು ಅವಳು. "ಈ ಕಡೆ ಬ್ರಾಂಚ್ ತೆಗೀಬೇಕು ಅಂತ ಆರು ತಿಂಗಳಿಂದ ಜಾಗ ಹುಡುಕ್ತಿದ್ವಿ. ಹೆಬ್ಬಾಳನಾ ಜಾಲಹಳ್ಳಿನಾ ಅಂತ ಇವತ್ತು ಮೀಟಿಂಗ್ ಇತ್ತು. ಮಧ್ಯಾಹ್ನ ನೋಡಿದ್ರೆ ಮ್ಯಾಪಲ್ಲಿ ನಿಮ್ಮ ಬೀದಿ ಕೆಂಪಗೆ ಉರೀತಿದೆ. ಇನ್ನೂರ ಹತ್ತು ಜನ ನಮ್ಮನ್ನ ಹುಡುಕಿ ಒತ್ತಿದಾರೆ. ಬೆಂಗಳೂರಲ್ಲಿ ಬೇರೆಲ್ಲೂ ಹಿಂಗೆ ಆಗಿಲ್ಲ. ಇಲ್ಲೊಂದು ಅಂಗಡಿ ಸೋಮವಾರ ಖಾಲಿ ಆಗುತ್ತೆ ಅಂತ ಒಬ್ಬ ಅಜ್ಜಿ ನಮ್ಮ ಹುಡುಗಿಗೆ ಹೇಳಿದಾರೆ. ಇದೇನಾ?"

ಬಾಲರಾಜ ಮುನಿಕೆಂಪಮ್ಮನನ್ನು ನೋಡಿದ. ಅವಳು ಹೂವು ಕಟ್ಟುವುದರಲ್ಲಿ ಮುಳುಗಿದ್ದಳು.

ಆನಂದಪ್ಪ ಮೆಟ್ಟಿಲಿಳಿದು ಬಂದ. ಬಾಡಿಗೆಯ ಮಾತು ಹದಿನೈದು ನಿಮಿಷದಲ್ಲಿ ಮುಗಿಯಿತು. ಬಾಲರಾಜನ ಕಡೆ ತಿರುಗಿ, "ಹೆಂಗೂ ನೀನು ಹೋಗ್ತಿದೀಯಲ್ಲಯ್ಯ. ಅಂಗಡಿ ಖಾಲಿ ಬಿಟ್ರೆ ಇಲಿ ಸೇರ್ಕೊಳ್ತವೆ," ಎಂದ. ಅವನ ದನಿಯಲ್ಲಿ ನಿಜವಾದ ಮಮತೆಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶಶಿರೇಖಾ ಬಂದಳು, ಹಿಂದೆ ಶಿಲ್ಪ. ಫೋನಿನಿಂದ ಯಾರಾದರೂ ಬಂದರೇ ಎಂದು ಹೆಂಡತಿ ಕೇಳಿದಳು. ಬಾಲರಾಜ ನಂದಿತಾಳನ್ನು ತೋರಿಸಿದ. ನಂದಿತಾ ಆ ವೇಳೆಗೆ ಬೆಂಚಿನ ಮೇಲಿದ್ದ ಹೊಸ ತಂತಿ ಸುತ್ತಿದ ಮೋಟಾರನ್ನು ತಿರುಗಿಸಿ ನೋಡುತ್ತಿದ್ದಳು.

"ಇದು ನೀವು ಸುತ್ತಿದ್ದಾ? ನಮ್ಮ ಹುಡುಗರಿಗೆ ಇಷ್ಟು ನೀಟಾಗಿ ಬರಲ್ಲ. ಇಲ್ಲೇ ನಮ್ಮ ಮೆಕ್ಯಾನಿಕ್ ಆಗಿ ಇರ್ತೀರಾ? ಸಂಬಳ ಕೊಡ್ತೀವಿ."

ಶಿಲ್ಪ ಅಪ್ಪನ ಮುಖ ನೋಡಿದಳು. ಟ್ಯಾಂಕರಿನ ಪೈಪಿಗಿಂತ ಇದು ವಾಸಿ ಎಂದು ಆ ಮುಖ ಆಗಲೇ ಒಪ್ಪಿಕೊಂಡಿತ್ತು. ನಂದಿತಾ ಕಾರಿನಿಂದ ಒಂದು ಕಿತ್ತಳೆ ಬಣ್ಣದ ಅಂಗಿ ತಂದುಕೊಟ್ಟಳು. ಎದೆಯ ಮೇಲೆ ಝಟ್‌ಪಟ್ ಎಂದು ಬರೆದಿತ್ತು. ಬಾಲರಾಜ ತನ್ನದೇ ಅಂಗಡಿಯ ಮೂಲೆಗೆ ಹೋಗಿ ಅದನ್ನು ತೊಟ್ಟುಕೊಂಡು ಬಂದು, ತನ್ನದೇ ಸ್ಟೂಲಿನ ಮೇಲೆ ಕೂತ. ಕೈಗೆ ಬಂದ ಮೊದಲ ಕೆಲಸದ ಚೀಟಿಯಲ್ಲಿ ಕಾಶಿನಾಥ, ಕೆರೆ ಪಕ್ಕದ ಅಪಾರ್ಟ್‌ಮೆಂಟು ಎಂದು ಇತ್ತು.

"ಒಂದು ಮಾತು," ಎಂದಳು ನಂದಿತಾ ಕಾರು ಹತ್ತುತ್ತ. "ಇವತ್ತಿನ ಹಾಗೇ ಡಿಮ್ಯಾಂಡ್ ಇರುತ್ತೆ ಅಂತ ನಂಬಿ ಬ್ರಾಂಚ್ ಕೊಡ್ತಿದೀನಿ. ದಿನಕ್ಕೆ ಐವತ್ತು ಜನ ಆದ್ರೂ ಈ ಬೀದಿಯಿಂದ ಒತ್ತಬೇಕು. ಒಂದು ವಾರ ನೋಡ್ತೀನಿ. ಕಡಿಮೆ ಆದ್ರೆ ಬ್ರಾಂಚ್ ಮುಚ್ಚಿ ಜಾಲಹಳ್ಳಿಗೆ ಹೋಗ್ತೀವಿ."

ಕಾರು ಹೋಯಿತು. ಶಶಿರೇಖಾ ಅಣ್ಣನ ನಂಬರು ಹುಡುಕತೊಡಗಿದಳು. ಬಾಲರಾಜ ಕಿತ್ತಳೆ ಅಂಗಿಯಲ್ಲೇ ರಸ್ತೆ ದಾಟಿ ಮುನಿಕೆಂಪಮ್ಮನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಮುಗಿದ.

"ಅಜ್ಜಿ, ನಾಳೆ ಬೆಳಿಗ್ಗೆ ಒಂದ್ಸಲ ಒತ್ತಿ ಬೋಣಿ ಮಾಡವ್ವ. ಝಟ್‌ಪಟ್ ಅಂತ. ನೀನು ಒತ್ತಿದ್ರೆ ಎಲ್ರೂ ಒತ್ತಾರೆ."

ಮುನಿಕೆಂಪಮ್ಮ ಆ ಬೆರಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಳು.

"ಅದೆಂಗಾಯ್ತದಪ್ಪ? ಮೂರು ಗಂಟೇಲಿ ಊವು ಮುಟ್ಟಿಸಿ ಆಣೆ ಇಕ್ಕಿಸ್ದೋನು ನೀನೇ ಅಲ್ವಾ?"